ಕಾರಿನ ಮೂತಿ ದುಂಡಗಾದ ಕತೆ

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗ ತೀರಾ ಹಳೆಯ ಕಾರುಗಳ ಮುಂಭಾಗವನ್ನು ಗಮನಿಸಿ. ನೆಟ್ಟಗೆ ನಿಂತ ರೇಡಿಯೇಟರ್, ಹೊರಗೆ ಚಾಚಿದ ದೀಪಗಳು. ಗಾಳಿ ನೇರವಾಗಿ ಬಂದು ಬಡಿಯುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ!

ಅಮೆರಿಕದ ಕ್ರೈಸ್ಲರ್ ಕಂಪೆನಿಯ ಇಂಜಿನಿಯರ್ ಕಾರ್ಲ್ ಬ್ರೀರ್ ಗಾಳಿಸುರಂಗದಲ್ಲಿ ಮಾದರಿಗಳನ್ನಿಟ್ಟು ಪರೀಕ್ಷಿಸಿದಾಗ, ಅಂದಿನ ಕಾರುಗಳು ಹಿಮ್ಮುಖವಾಗಿ ಓಡಿದರೇ ತಡೆ ಕಡಿಮೆ ಎಂದು ತಿಳಿಯಿತು. 1934ರ ‘ಏರ್‌ಫ್ಲೋ’ ಕಾರು ಹುಟ್ಟಿದ್ದು ಹೀಗೆ. ಮೂತಿ ದುಂಡಗಾಯಿತು, ದೀಪಗಳು ಮೈಯೊಳಗೆ ಸೇರಿದವು. ಇಂಜಿನನ್ನು ಮುಂದಿನ ಆಕ್ಸಲ್ ಮೇಲಕ್ಕೆ ಸರಿಸಿದ್ದರಿಂದ ಹಿಂದಿನ ಸೀಟೂ ಹಿಂಬದಿಯ ಚಕ್ರಗಳಿಗಿಂತ ಮುಂದೆ ಬಂತು, ಕುಲುಕಾಟ ತಗ್ಗಿತು. (ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬಂಟ್ವಾಳದಿಂದ ಮೂಡಬಿದಿರೆಗೆ ಹೋದವರಿಗೆ ಇದರ ಬೆಲೆ ಗೊತ್ತು!)

ಕೊಳ್ಳುವವರಿಗೆ ಮಾತ್ರ ಆ ಮುಖವೇ ಹಿಡಿಸಲಿಲ್ಲ. 1937ರ ಮಾದರಿಯೇ ಕೊನೆಯದಾಯಿತು.