ವೀರನಿಗೊಂದು ಮಟ್ಟು, ಅವನ ಊರಿಗೊಂದು

ಸೂಪರ್‌ಹೀರೊ ಚಿತ್ರ ನೋಡಿ ಬಂದವರ ಬಾಯಲ್ಲಿ ಗುನುಗಿಗೆ ಸಿಗುವುದು ನಾಯಕನ ಥೀಮ್. ಆದರೆ ಸಂಗೀತಗಾರ ಹೆಚ್ಚು ಬೆವರು ಸುರಿಸಿರುವುದು ಅವನು ಬಿಟ್ಟುಬಂದ ಊರಿಗಾಗಿ.

1978ರಲ್ಲಿ ಇಂಗ್ಲೆಂಡಿನ ಡೆನ್‌ಹಮ್‌ನ ಸ್ಟುಡಿಯೊ ಒಂದರಲ್ಲಿ ಕುಳಿತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಎರಡು ಊರುಗಳನ್ನು ನುಡಿಸಿತು. ಒಂದು ಕ್ರಿಪ್ಟಾನ್: ಸೂಪರ್‌ಮ್ಯಾನ್ ಹುಟ್ಟಿದ, ಎಲ್ಲೂ ಇಲ್ಲದ ಗ್ರಹ, ಸೆಟ್ಟಿನಲ್ಲಿ ಎದ್ದು ಸೆಟ್ಟಿನಲ್ಲೇ ಪುಡಿಯಾದದ್ದು. ಇನ್ನೊಂದು ಸ್ಮಾಲ್‌ವಿಲ್: ಕಥೆಯ ಪ್ರಕಾರ ಅವನು ಬೆಳೆದ, ಅಮೆರಿಕದ ಕಾನ್ಸಾಸ್‌ನ ಹಳ್ಳಿ, ಕ್ಯಾಮೆರಾ ಹಿಡಿದದ್ದು ಕೆನಡಾದ ಆಲ್ಬರ್ಟಾದ ಹೊಲಗಳನ್ನು. ಎರಡೂ ಸುಳ್ಳು ಊರುಗಳೇ. ಅವನ್ನು ನಾವು ನಂಬಿದ್ದೇವೆ ಎಂದರೆ ಅದರ ದೊಡ್ಡ ಪಾಲು ಸಂಗೀತ ಬರೆದ ಜಾನ್ ವಿಲಿಯಮ್ಸ್‌ಗೆ ಸಲ್ಲಬೇಕು.

ರಿಚರ್ಡ್ ಡಾನರ್ ನಿರ್ದೇಶಿಸಿದ ಆ ‘ಸೂಪರ್‌ಮ್ಯಾನ್’ನಲ್ಲಿ ಕ್ರಿಪ್ಟಾನ್ ಕಾಣಿಸುವ ಹೊತ್ತಿಗೆ ಸಂಗೀತ ದೂರದಿಂದ, ಸಣ್ಣದಾಗಿ ಶುರುವಾಗುತ್ತದೆ. ಆಮೇಲೆ ವಾದ್ಯಗಳು ಒಂದರ ಮೇಲೊಂದು ಸೇರಿ ಇಡೀ ಆರ್ಕೆಸ್ಟ್ರಾ ಮೊರೆಯುತ್ತದೆ. ಕೇಳಿದವರಿಗೆ ರಿಚರ್ಡ್ ಸ್ಟ್ರಾಸ್ 1896ರಲ್ಲಿ ಬರೆದ ‘ಜರತುಷ್ಟ್ರ’ದ ಆರಂಭ ನೆನಪಾಗದೆ ಇರದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನಿರ್ದೇಶಕ ಕುಬ್ರಿಕ್ ಅದನ್ನು ಬಳಸಿದ ಮೇಲೆ ಬಾಹ್ಯಾಕಾಶವೆಂದರೆ ಆ ನಾದ ಎಂದಾಗಿಬಿಟ್ಟಿತ್ತು. ಸ್ಟ್ರಾಸ್‌ನ ಆ ಪ್ರಸಿದ್ಧ ಎತ್ತುಗಡೆ ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ, ತಾರ ಷಡ್ಜ, ಅಷ್ಟೇ. ತಂಬೂರಿಯ ಸ್ವರಗಳು. ಮಧ್ಯೆ ಗಾಂಧಾರವಿಲ್ಲದ್ದರಿಂದ ಅಲ್ಲಿ ಸುಖವೂ ಇಲ್ಲ, ದುಃಖವೂ ಇಲ್ಲ, ಬರೀ ವಿಸ್ತಾರ. ವಿಲಿಯಮ್ಸ್‌ಗೆ ಬೇಕಾಗಿದ್ದುದು ಅದೇ ಬಗೆಯ ವೈಭವ. ಕ್ರಿಪ್ಟಾನ್ ಬುದ್ಧಿವಂತರ, ಹಿಮದಷ್ಟು ತಣ್ಣಗಿನ ಲೋಕ. ಅಲ್ಲಿ ಯಾರೂ ಯಾರ ಭುಜದ ಮೇಲೂ ಕೈಹಾಕಿ ನಡೆಯುವುದಿಲ್ಲ.

ಸ್ಮಾಲ್‌ವಿಲ್ ಬಂದಾಗ ಕಥೆ ಬದಲಾಗುತ್ತದೆ. ಸಾಕುತಂದೆ ಜೊನಾಥನ್ ಕೆಂಟ್ ಹೃದಯಾಘಾತದಿಂದ ಕುಸಿದು ತೀರಿಕೊಳ್ಳುತ್ತಾನೆ. ಕೆಲವೇ ದೃಶ್ಯಗಳ ನಂತರ ಮುಂದೆ ಸೂಪರ್‌ಮ್ಯಾನ್ ಆಗುವ ಹುಡುಗ ಕ್ಲಾರ್ಕ್ ಹೊಲದ ನಡುವೆ ತಾಯಿಯನ್ನು ತಬ್ಬಿ, ಉತ್ತರಕ್ಕೆ ಹೊರಡುತ್ತಾನೆ. ಆಗ ಕೇಳುವ ಮಟ್ಟು ಅವನದಲ್ಲ, ಆ ಮಣ್ಣಿನದು. ತೆರೆದ ಬಯಲಿನಂಥ ಈ ಶೈಲಿಗೆ ಅಮೆರಿಕದಲ್ಲಿ ರೂಪ ಕೊಟ್ಟವನು ಏರನ್ ಕೋಪ್ಲಂಡ್. 1944ರ ‘ಅಪಲೇಚಿಯನ್ ಸ್ಪ್ರಿಂಗ್’ ಅದರ ಹೆಗ್ಗುರುತು. ಅಮೆರಿಕದ ಹಳ್ಳಿಗೆ ದನಿ ಕೊಟ್ಟ ಈ ಮಹಾಶಯ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ! ಊರಿನ ರಾಗ ಕಟ್ಟುವುದಕ್ಕೆ ಊರಿನವನೇ ಆಗಬೇಕೆಂದಿಲ್ಲ.

ಗಮನಿಸಿ, ಅದೇ ಚಿತ್ರದಲ್ಲಿ ಕ್ರಿಪ್ಟಾನ್‌ನಷ್ಟು ನೆನಪಲ್ಲಿ ನಿಲ್ಲುವ ಮಟ್ಟು ಕ್ಲಾರ್ಕ್ ಮುಂದೆ ನೆಲೆಸುವ ಮೆಟ್ರೊಪೊಲಿಸ್ ನಗರಕ್ಕೆ ಇಲ್ಲ. ಅಲ್ಲಿನ ಖಳರಿಗೆ ಒಂದು ತಮಾಷೆಯ ಮೆರವಣಿಗೆ ಸಂಗೀತವಿದೆ, ಪ್ರೇಯಸಿ ಲೋಯಿಸ್‌ಗೆ ಪ್ರೇಮದ ರಾಗವಿದೆ, ನಗರ ಮಾತ್ರ ಬರಿಗೈಲಿದೆ. ಅದು ಸಹಜ. ನಾಯಕ ದಿನವೂ ಓಡಾಡುವ ಊರಿಗೆ ಥೀಮ್ ಬೇಕಿಲ್ಲ. ಕಳೆದುಕೊಂಡ ಊರಿಗೆ ಬೇಕು. ಬ್ಯಾಟ್‌ಮ್ಯಾನ್ ಈ ಮಾತಿಗೆ ಇನ್ನೊಂದು ಸಾಕ್ಷಿ. 1989ರಲ್ಲಿ ಟಿಮ್ ಬರ್ಟನ್‌ಗಾಗಿ ಡ್ಯಾನಿ ಎಲ್ಫ್‌ಮನ್ ಬರೆದ ಆ ಕತ್ತಲ ಥೀಮ್ ನಾಯಕನದೋ ಗೋಥಮ್ ನಗರದ್ದೋ ಎಂದು ಕೇಳಿದರೆ ಬಿಡಿಸಿ ಹೇಳುವುದು ಕಷ್ಟ. ಗೋಥಮ್ ಬಿಟ್ಟು ಬ್ಯಾಟ್‌ಮ್ಯಾನ್ ಆಗಿರುವ ಬ್ರೂಸ್ ವೇನ್‌ಗೆ ಬೇರೆ ಗತಿಯಿಲ್ಲ. ಇಬ್ಬರಿಗೂ ಒಂದೇ ರಾಗ ಸಾಕಾಯಿತು.

ಮಾತನಾಡುವ ಮದ್ದಳೆ

ಎಲ್ಲೂ ಇಲ್ಲದ ದೇಶವೊಂದಕ್ಕೆ ದನಿ ಹುಡುಕುತ್ತ ನಿಜವಾದ ದೇಶಕ್ಕೆ ಹೋದವನು ಲುಡ್ವಿಗ್ ಯೊರಾನ್ಸನ್. ಸ್ವೀಡನ್‌ನವನು, ‘ಬ್ಲ್ಯಾಕ್ ಪ್ಯಾಂಥರ್’ (2018) ನಿರ್ದೇಶಕ ರಯಾನ್ ಕೂಗ್ಲರ್‌ನ ವಿಶ್ವವಿದ್ಯಾಲಯದ ದಿನಗಳ ಗೆಳೆಯ. ಚಿತ್ರದ ಆ ಕಲ್ಪಿತ ದೇಶ ವಕಾಂಡಕ್ಕೆ ಸಂಗೀತ ಬರೆಯುವ ಮುನ್ನ ಸೆನೆಗಲ್‌ಗೆ ಹೋಗಿ ಗಾಯಕ ಬಾಬಾ ಮಾಲ್‌ನ ತಂಡದ ಜೊತೆ ಸುತ್ತಿದ. ದಕ್ಷಿಣ ಆಫ್ರಿಕಾದಲ್ಲಿ, ಖಂಡದ ಸಂಗೀತದ ಹಳೆಯ ಧ್ವನಿಮುದ್ರಣಗಳನ್ನು ಕೂಡಿಟ್ಟಿರುವ ಸಂಗ್ರಹಾಲಯದಲ್ಲಿ ಕುಳಿತು ಕೇಳಿದ. ಚಿತ್ರದಲ್ಲಿ ವಿಮಾನ ಮೋಡ ಸೀಳಿ ವಕಾಂಡಕ್ಕೆ ಇಳಿಯುವಾಗ ಎದೆ ನಡುಗಿಸುವ ಆ ಒಂಟಿ ಕೂಗು ಬಾಬಾ ಮಾಲ್‌ನದೇ. ಆನೆ ಸತ್ತ ಸುದ್ದಿಯನ್ನು ಅವನು ತನ್ನ ಭಾಷೆಯಲ್ಲಿ ಹಾಡುತ್ತಿದ್ದಾನೆ. ಆನೆಯೆಂದರೆ ತೀರಿಕೊಂಡ ಅರಸ. ಅರ್ಥ ತಿಳಿಯದ ಕೋಟ್ಯಂತರ ಜನ ಅದನ್ನು ವಕಾಂಡದ ಸ್ವಾಗತಗೀತೆ ಎಂದುಕೊಂಡರು.

ವಕಾಂಡದ ಹೊಸ ಅರಸ ಟಿ’ಚಾಲಾನ ಹೆಜ್ಜೆಗೆ ಬರುವುದು ‘ತಮಾ’, ಅಂದರೆ ಮಾತನಾಡುವ ಮದ್ದಳೆ. ನೋಡಲು ಕೊಡವರ ದುಡಿಯಂತೆ ನಡು ಸಣ್ಣ. ಕಂಕುಳಲ್ಲಿ ಒತ್ತಿದಂತೆ ಹಗ್ಗ ಬಿಗಿದು ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹೀಗಾಗಿ ಅದು ಮಾತಿನ ಏರಿಳಿತವನ್ನೇ ಅನುಕರಿಸಬಲ್ಲದು. ಮಸಂಬಾ ಜೋಪ್ ಎಂಬ ವಾದಕ ಅದರಲ್ಲಿ ನುಡಿಸಿದ್ದು ಅರಸನ ಹೆಸರನ್ನೇ. ಅಮೆರಿಕದ ಓಕ್‌ಲ್ಯಾಂಡ್‌ನ ಬೀದಿಯಲ್ಲಿ ಬೆಳೆದ ಖಳ ಕಿಲ್‌ಮಾಂಗರ್‌ಗೆ ಪಶ್ಚಿಮ ಆಫ್ರಿಕಾದ ಫುಲಾ ಕೊಳಲು, ಅದರ ಕೆಳಗೆ ಅಮೆರಿಕದ ಹಿಪ್‌ಹಾಪ್ ಬೀಟ್. ಅಪ್ಪನ ನಾಡು ಮತ್ತು ತಾನು ಬೆಳೆದ ಗಲ್ಲಿ ಎರಡೂ ಒಂದೇ ಉಸಿರಿನಲ್ಲಿ ಜಗಳಾಡುತ್ತವೆ. ಈ ಸಂಗೀತಕ್ಕೆ 2019ರಲ್ಲಿ ಆಸ್ಕರ್ ಬಂತು.

ತಕರಾರು ಇಲ್ಲವೆಂದಲ್ಲ. ಸೆನೆಗಲ್‌ನ ಮದ್ದಳೆ, ದಕ್ಷಿಣ ಆಫ್ರಿಕಾದ ಖೋಸಾ ಭಾಷೆ ಎಲ್ಲವನ್ನೂ ಒಂದೇ ದೇಶದೊಳಗೆ ತುರುಕಿದ್ದು ಆಫ್ರಿಕಾ ಬಲ್ಲವರಿಗೆ ವಿಚಿತ್ರವಾಗಿ ಕಂಡೀತು. ಆದರೂ ನುಡಿಸಿದವರು ಅಲ್ಲಿನವರು ಎಂಬುದು ದೊಡ್ಡ ಮಾತು. ‘ಡಾಕ್ಟರ್ ಸ್ಟ್ರೇಂಜ್’ (2016) ನೋಡಿ: ನಾಯಕ ವಿದ್ಯೆ ಕಲಿಯುವುದು ಕಠ್ಮಂಡುವಿನಲ್ಲಿ, ಚಿತ್ರದ ಕೊನೆಗೆ ಹೆಸರುಗಳು ಸರಿಯುವಾಗ ಝೇಂಕರಿಸುವುದು ಸಿತಾರ್. ನೇಪಾಳಕ್ಕೆ ತನ್ನದೇ ಸಾರಂಗಿ ಇದೆ, ಮಾದಲ್ ಇದೆ. ಹಾಲಿವುಡ್ ಕಿವಿಗೆ ಪೂರ್ವವೆಂದರೆ ಈಗಲೂ ಸಿತಾರೇ.

ರಾಗವಿಲ್ಲದೆ ಮುಳುಗಿದ ಊರು

ನನಗೆ ನಿಜವಾಗಿ ಸಿಟ್ಟಿರುವುದು ಥೋರ್‌ನ ಊರು ಆಸ್ಗಾರ್ಡ್ ವಿಷಯದಲ್ಲಿ. 2011ರ ‘ಥೋರ್’ಗೆ ಪ್ಯಾಟ್ರಿಕ್ ಡಾಯ್ಲ್ ರಾಜಗಾಂಭೀರ್ಯದ ಸಂಗೀತ ಬರೆದ. 2013ರ ಎರಡನೇ ಚಿತ್ರಕ್ಕೆ ಬ್ರಯಾನ್ ಟೈಲರ್ ಬಂದು ಹೊಸ ಥೀಮ್ ಕಟ್ಟಿದ. 2017ರ ‘ರ‍್ಯಾಗ್ನರಾಕ್’ ಹೊತ್ತಿಗೆ ಡೀವೊ ತಂಡದ ಮಾರ್ಕ್ ಮದರ್ಸ್‌ಬಾ ಬಂದ. ಸಕಾರ್ ಗ್ರಹಕ್ಕೆ ಅವನು ಕೊಟ್ಟ ಎಂಬತ್ತರ ದಶಕದ ಸಿಂಥಸೈಜರ್ ಗದ್ದಲ ಸೊಗಸಾಗಿದೆ, ಹಿಂದಿನ ಇಬ್ಬರ ಮಟ್ಟುಗಳೂ ಅಲ್ಲಲ್ಲಿ ಇಣುಕುತ್ತವೆ. ಆದರೆ ಅದೇ ಚಿತ್ರದಲ್ಲಿ ಆಸ್ಗಾರ್ಡ್ ಸುಟ್ಟು ಬೂದಿಯಾಗುತ್ತದೆ. ಇಡೀ ಊರು ಹೋಗುವಾಗ ಅಳಲು ಪ್ರೇಕ್ಷಕನ ಮನಸ್ಸಿನಲ್ಲಿ ನೆಲೆನಿಂತ ಊರಿನ ರಾಗವೇ ಇಲ್ಲ. ಮೂರು ಚಿತ್ರಗಳಲ್ಲಿ ಮೂರು ಕೈ ಬದಲಾದರೆ ಇನ್ನೇನಾಗುತ್ತದೆ? ವಕಾಂಡಕ್ಕೆ ಈ ಗತಿ ಬರಲಿಲ್ಲ. 2018ರಲ್ಲೇ ಬಂದ ‘ಇನ್ಫಿನಿಟಿ ವಾರ್’ಗೆ ಸಂಗೀತ ಅಲನ್ ಸಿಲ್ವೆಸ್ಟ್ರಿಯದು, ಕಥೆ ವಕಾಂಡಕ್ಕೆ ಬಂದಾಗ ಕೇಳುವುದು ಮಾತ್ರ ಯೊರಾನ್ಸನ್ ಕಟ್ಟಿದ ಮಟ್ಟು. ಪರದೆಯ ಮೇಲೆ ಊರಿನ ಹೆಸರು ಮೂಡುವ ಅಗತ್ಯವೇ ಇಲ್ಲ.

ನಮ್ಮಲ್ಲೂ ಈಗ ಹಳ್ಳಿಯ ಸೂಪರ್‌ಹೀರೊಗಳು ಬರುತ್ತಿದ್ದಾರೆ. ಮಲಯಾಳದ ‘ಮಿನ್ನಲ್ ಮುರಳಿ’ಗೆ (2021) ಕುರುಕ್ಕನ್‌ಮೂಲ ಎಂಬ ಊರಿದೆ, ತೆಲುಗಿನ ‘ಹನು–ಮಾನ್’ಗೆ (2024) ಅಂಜನಾದ್ರಿ. ಕನ್ನಡದಲ್ಲೂ ಅಂಥವನೊಬ್ಬ ಬಂದೇ ಬರುತ್ತಾನೆ. ನಾಯಕನ ಎಂಟ್ರಿಗೆ ಸೀಟು ಅದುರಿಸುವ ಬಿಜಿಎಂ ಕೊಡುವುದರಲ್ಲಿ ನಮ್ಮ ಸಂಗೀತ ನಿರ್ದೇಶಕರು ಯಾರಿಗೂ ಕಮ್ಮಿಯಿಲ್ಲ. ಅವರಲ್ಲಿ ಒಂದೇ ಅರಿಕೆ: ಅವನ ಎಂಟ್ರಿಗೆ ಮೊದಲು ಅವನ ಊರಿಗೊಂದು ಎಂಟ್ರಿ ಕೊಡಿ. ಆ ಮಟ್ಟನ್ನು ಎರಡನೇ ಭಾಗ ಬಂದಾಗ ದಯವಿಟ್ಟು ಬದಲಿಸಬೇಡಿ.