ಹುಳುವಿನ ಮನೆಗೆ ಕೋಣೆಗೊಂದು ಹವೆ

ಮಾಗಿಯ ಬೆಳಗಿನ ಜಾವ. ತ್ಯಾಮಗೊಂಡ್ಲಿನ ಸುತ್ತಮುತ್ತಲ ಊರುಗಳು ಮುಸುಕೆಳೆದು ಮಲಗಿರುವ ಹೊತ್ತು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಮಾತ್ರ ಒಬ್ಬರಾದರೂ ಎದ್ದಿರುತ್ತಾರೆ. ಹುಳುಮನೆಯ ಬಾಗಿಲನ್ನು ಮೆಲ್ಲಗೆ ಸರಿಸಿ, ಗೋಡೆಯ ಉಷ್ಣಮಾಪಕಕ್ಕೆ ಟಾರ್ಚ್ ಹಿಡಿದು ನೋಡುತ್ತಾರೆ. ಪಾದರಸ ಇಳಿದಿದ್ದರೆ ಅಗ್ಗಿಷ್ಟಿಕೆಯ ಬೂದಿ ಕೆದಕಿ ಇನ್ನೆರಡು ಹಿಡಿ ಇದ್ದಿಲು ಹಾಕುತ್ತಾರೆ. ಏಪ್ರಿಲ್ ಬಂದರೆ ಇದೇ ಮನೆಯಲ್ಲಿ ಕೆಲಸ ತಿರುಗುಮುರುಗು. ಕಿಟಕಿಗೆ ಗೋಣಿತಾಟು ಕಟ್ಟಿ ಮಧ್ಯಾಹ್ನವೆಲ್ಲ ನೀರು ಚಿಮುಕಿಸಬೇಕು. ರಾತ್ರಿಯ ಪಾಳಿ ಅನೇಕ ಸಲ ಬೀಳುವುದು ಪರೀಕ್ಷೆಗೆ ಓದುತ್ತಿರುವ ಮಕ್ಕಳ ಮೇಲೆ. "ಹೆಂಗೂ ಓದೋಕೆ ಎದ್ದಿದ್ದೀಯಲ್ಲ ಮಗಾ, ಹಂಗೇ ಕೆಂಡಾನೂ ನೋಡ್ಕೊಂಡು ಬಾ" ಎಂಬ ಮಾತು ಹುಳು ಸಾಕುವ ಮನೆಗಳಿಗೆ ಹೊಸದಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿಗೆ ಸೇರಿದ ಈ ಹೋಬಳಿ ಕೇಂದ್ರದಲ್ಲಿ ಮನುಷ್ಯರ ವಾಸಕ್ಕೆ ಮನೆ ಕಾಯಿಸುವ ಯಂತ್ರ ಬೇಕಿಲ್ಲ. ಚಳಿಗೆ ಕಂಬಳಿ, ಸೆಕೆಗೆ ಫ್ಯಾನು ಸಾಕು. ಹುಳುವಿಗೆ ಅಷ್ಟು ಸಾಲದು. ಅದರ ಮೈ ಬಿಸಿ ಸುತ್ತಲಿನ ಗಾಳಿಯ ಬಿಸಿಯನ್ನೇ ಅನುಸರಿಸುತ್ತದೆ. ಚಳಿಯಾದರೆ ಸೊಪ್ಪು ತಿನ್ನುವುದು ಕಡಿಮೆಯಾಗಿ ಬೆಳವಣಿಗೆ ಹಿಂದೆ ಬೀಳುತ್ತದೆ. ಬಿಸಿ ಹೆಚ್ಚಿದರೆ ನಿತ್ರಾಣಗೊಂಡು ರೋಗಕ್ಕೆ ಈಡಾಗುತ್ತದೆ. ಹೀಗಾಗಿ ವಿದೇಶಗಳ ಮನೆಗಳಲ್ಲಿ ಮನುಷ್ಯರಿಗಾಗಿ ಬೆಳೆದ ಒಂದು ತಂತ್ರ, ಅಂದರೆ ಕೋಣೆಕೋಣೆಗೂ ಬೇರೆ ಬೇರೆ ಹವೆ ಇಡುವ ತಂತ್ರ, ನಮ್ಮ ಬಯಲುಸೀಮೆಯಲ್ಲಿ ನಿಜವಾಗಿ ಬೇಕಾಗಿರುವುದು ಹುಳುಮನೆಗೆ.

ಒಂದೇ ಸೂರು, ಬೇರೆ ಬೇರೆ ಹವೆ

ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಅಂದಿನಿಂದ ಬಹುಕಾಲ ಹುಳುವೂ ಮನೆಯವರೂ ಒಂದೇ ಸೂರಿನಡಿ ಬಾಳಿದರು. ನಡುಮನೆಯಲ್ಲಿ ತಟ್ಟೆಗಳ ಸಾಲು, ಮೂಲೆಯಲ್ಲಿ ಮಕ್ಕಳ ಹಾಸಿಗೆ. ಇಂದು ಹುಳುವಿಗೆ ಪ್ರತ್ಯೇಕ ಮನೆ ಕಟ್ಟುವುದು ವಾಡಿಕೆಯಾಗಿದೆ. ಆದರೆ ಮನೆ ಬೇರೆಯಾದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ.

ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ. ರೈತರ ಭಾಷೆಯಲ್ಲಿ ಇದಕ್ಕೆ 'ಜ್ವರ' ಎಂದು ಹೆಸರು. ಮೊದಲ ಎರಡು ಹಂತಗಳ ಎಳೆಯ ಹುಳುವೇ ಚಾಕಿ. ಇದಕ್ಕೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇಕಡಾ 85ರಿಂದ 90ರಷ್ಟು ತೇವಾಂಶ ಬೇಕು. ಬೆಳೆದಂತೆ ಅದರ ಬೇಡಿಕೆ ಬದಲಾಗುತ್ತದೆ. ಐದನೇ ಹಂತದ ಹುಳುವಿಗೆ 24 ಡಿಗ್ರಿಯ ಆಸುಪಾಸು, ಶೇಕಡಾ 70ರ ತೇವಾಂಶ ಮತ್ತು ಧಾರಾಳವಾದ ಗಾಳಿ ಹಿತ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಕೋಣೆ ಇನ್ನೂ ಒಣಗಿರಬೇಕು. ತೇವ ಹೆಚ್ಚಿದರೆ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

ಅಂದರೆ ಒಂದು ಕೋಣೆಗೆ ಅಮೃತವಾದದ್ದು ಪಕ್ಕದ ಕೋಣೆಗೆ ವಿಷ. ಚಾಕಿ ಕೋಣೆಯ ಹಬೆಯ ಗಾಳಿ ದೊಡ್ಡ ಹುಳುವಿನ ಅಂಕಣಕ್ಕೆ ನುಗ್ಗಿ ತಂಪಿನಲ್ಲಿ ನಿಂತರೆ ಸುಣ್ಣಕಟ್ಟು ರೋಗದ ಬೂಷ್ಟಿಗೆ ಹಬ್ಬ. ಬಿಸಿ ಏರಿಳಿದರೆ ಸಪ್ಪೆ ರೋಗದ ಭಯ. ಸುಮಾರು ನಾಲ್ಕು ವಾರಗಳ ದುಡಿಮೆ, ಹಿಪ್ಪುನೇರಳೆ ತೋಟಕ್ಕೆ ಹಾಕಿದ ಗೊಬ್ಬರ-ನೀರು, ತಂದ ಸಾಲ, ಮಕ್ಕಳ ಕಾಲೇಜು ಶುಲ್ಕ ಎಲ್ಲವೂ ಕೊನೆಯ ಒಂದು ವಾರದ ಹವೆಯ ಮೇಲೆ ನಿಂತಿರುತ್ತವೆ. ಇಡೀ ಜೀವಮಾನದಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಐದನೇ ಹಂತದ್ದೇ. ಆಗ ಕೈತಪ್ಪಿದ ಬೆಳೆ ಎಲ್ಲ ಖರ್ಚೂ ಆದ ಮೇಲೆ ಹೋದ ಬೆಳೆ.

ಈಗ ಬಹಳಷ್ಟು ರೈತರು ಎರಡನೇ ಜ್ವರ ದಾಟಿದ ಹುಳುವನ್ನು ಚಾಕಿ ಸಾಕಾಣಿಕೆ ಕೇಂದ್ರಗಳಿಂದಲೇ ತರುತ್ತಾರೆ. ಆದರೂ ಬೆಳೆದ ಹುಳುವಿನ ಅಂಕಣ, ಚಂದ್ರಿಕೆಯ ಕೋಣೆ ಎಂಬ ಎರಡು ವಲಯಗಳು ರೈತನ ಮನೆಯಲ್ಲಿ ಉಳಿದೇ ಇರುತ್ತವೆ.

ಶಾಲೆಯಲ್ಲಿ ಹುಟ್ಟಿದ ಗಂಟೆ

ಕೆಂಡ ನೋಡಲು ಕೋಣೆಯಿಂದ ಕೋಣೆಗೆ ಅಲೆಯುವ ಕಷ್ಟ ಹುಳುಮನೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಚಳಿಗಾಲದಲ್ಲಿ ಶಾಲೆಯ ಜವಾನ ಪ್ರತಿ ತರಗತಿಗೂ ಬಂದು ಬಿಸಿ ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು ಒಲೆಯನ್ನು ಸರಿಪಡಿಸಬೇಕಿತ್ತು. ಪಾಠಕ್ಕೆ ಅಡ್ಡಿ, ಜವಾನನಿಗೂ ದಣಿವು. ಜಾನ್ಸನ್ ಒಂದು ಉಪಾಯ ಹೂಡಿದರು. ತರಗತಿಯ ಬಿಸಿ ಬದಲಾದರೆ ಕೆಳಗೆ ಒಲೆಯ ಬಳಿ ತಾನಾಗಿ ಗಂಟೆ ಬಾರಿಸುವ ವಿದ್ಯುತ್ ಸಾಧನ ಅದು. 1883ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಒತ್ತಡದ ಗಾಳಿಯ ನೆರವಿನಿಂದ ಒಂದೊಂದು ಕೋಣೆಯ ಹವೆಯನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುವ ಅವರ ವ್ಯವಸ್ಥೆಗೆ 1895ರಲ್ಲಿ ಪೇಟೆಂಟ್ ಸಿಕ್ಕಿತು. ಒಬ್ಬ ಮೇಷ್ಟರಿಗೆ ತರಗತಿಯಲ್ಲಿ ಹೊಳೆದ ವಿಚಾರ ಜಗತ್ತಿನ ದೊಡ್ಡ ಕಟ್ಟಡಗಳನ್ನು ಹೊಕ್ಕಿತು.

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಿಗಳು ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯನ್ನು ಕಂಡಿರುತ್ತಾರೆ. ಅದೇ ಥರ್ಮೋಸ್ಟಾಟ್. ಬಿಸಿ ಮಾಡುವ ಯಂತ್ರ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಇರುತ್ತದೆ, ತಗಡಿನ ಕೊಳವೆಗಳು ಗಾಳಿಯನ್ನು ಕೋಣೆಗಳಿಗೆ ಒಯ್ಯುತ್ತವೆ. ವಲಯ ಪದ್ಧತಿಯಲ್ಲಿ ಪ್ರತಿ ಕೊಳವೆಗೂ ಮೋಟಾರಿನಿಂದ ತಿರುಗುವ ಒಂದು ಕದವಿರುತ್ತದೆ. ಯಾವ ಕೋಣೆಯ ಥರ್ಮೋಸ್ಟಾಟ್ ಕೂಗುತ್ತದೋ ಆ ಕೋಣೆಯ ಕದ ಮಾತ್ರ ತೆರೆಯುತ್ತದೆ. ಈ ಕೂಗು ಹರಿಯುವುದು ಕೇವಲ 24 ವೋಲ್ಟಿನ ಸಣ್ಣ ತಂತಿಗಳಲ್ಲಿ: ವಿದ್ಯುತ್ ತರುವುದು ಒಂದು, ಬಿಸಿ ಕೇಳುವುದು ಒಂದು, ತಂಪು ಕೇಳುವುದು ಒಂದು, ಫ್ಯಾನಿಗೆ ಒಂದು, ಮರಳಿ ಹೋಗುವ ದಾರಿ ಒಂದು. ಹುಳುಮನೆಗೆ ಇಷ್ಟೊಂದು ಕೊಳವೆಗಳು ಬೇಡ. ಪ್ರತಿ ಕೋಣೆಗೂ ಅದರದೇ ಹೀಟರ್, ಅದರದೇ ಕೂಲರ್ ಇಟ್ಟರೆ ಸಾಕು. ಆದರೆ ತಂತಿಯ ಲೆಕ್ಕಾಚಾರ ಒಂದೇ.

ತಂತಿ ಎಳೆಯುವ ಮುನ್ನ

ವಲಯ ನಿಯಂತ್ರಣದ ಕೆಲಸದಲ್ಲಿ ಮೂರು ಪಾತ್ರಗಳು: ಹವೆಯನ್ನು ಅಳೆಯುವುದು, ತೀರ್ಮಾನಿಸುವುದು, ತೀರ್ಮಾನವನ್ನು ನಡೆಸುವುದು.

ಅಳೆಯುವ ಸಂವೇದಕ ಹುಳುವಿನ ತಟ್ಟೆಯ ಎತ್ತರದಲ್ಲೇ ಇರಬೇಕು. ಸೂರಿನ ಹತ್ತಿರ ತೂಗಿದರೆ ಅದು ಮೇಲೇರಿದ ಬಿಸಿಗಾಳಿಯನ್ನು ಅಳೆದು, ಕೆಳಗೆ ಹುಳು ಚಳಿಯಲ್ಲಿದ್ದರೂ "ಬಿಸಿ ಸಾಕು" ಎನ್ನುತ್ತದೆ. ಬಾಗಿಲ ಬಳಿ, ಬಿಸಿಲು ಬೀಳುವ ಗೋಡೆ, ಹೀಟರಿನ ನೇರಕ್ಕೆ ಕೂಡದು. ತೇವಾಂಶಕ್ಕೆ ಬೇರೆ ಸಂವೇದಕ ಬೇಕು. ಶಾಲೆಯ ಪ್ರಯೋಗಶಾಲೆಯ ಒಣ-ಒದ್ದೆ ಬಲ್ಬಿನ ಉಷ್ಣಮಾಪಕವನ್ನು ಪಕ್ಕದಲ್ಲೇ ತೂಗಿದರೆ ಯಂತ್ರ ಹೇಳುವುದು ನಿಜವೇ ಎಂದು ದಿನವೂ ತಾಳೆ ನೋಡಬಹುದು.

ತೀರ್ಮಾನಿಸುವ ಥರ್ಮೋಸ್ಟಾಟಿಗೆ ತುಸು ಸಡಿಲು ಬೇಕು. 27 ಡಿಗ್ರಿ ಬೇಕೆಂದರೆ 26.5ಕ್ಕೆ ಹೀಟರ್ ಹೊತ್ತಿ 27.5ಕ್ಕೆ ಆರುವಂತೆ ಇಡಬೇಕು. ಸಡಿಲೇ ಇಲ್ಲದಿದ್ದರೆ ಅದು ಕ್ಷಣಕ್ಷಣಕ್ಕೂ ಹೊತ್ತಿ ಆರಿ ಸಂಪರ್ಕಗಳನ್ನು ಸುಟ್ಟುಕೊಳ್ಳುತ್ತದೆ.

ನಡೆಸುವ ಕೆಲಸ ಕಾಂಟ್ಯಾಕ್ಟರಿನದು. 2000 ವಾಟಿನ ಹೀಟರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್, ವಾಟನ್ನು ವೋಲ್ಟಿನಿಂದ ಭಾಗಿಸಿ ಯಾವ ವಿದ್ಯಾರ್ಥಿಯೂ ಇದನ್ನು ಕಂಡುಕೊಳ್ಳಬಹುದು. ಸೂಕ್ಷ್ಮವಾದ ಥರ್ಮೋಸ್ಟಾಟಿನ ಮೂಲಕ ಇಷ್ಟು ವಿದ್ಯುತ್ತನ್ನು ಹರಿಸಬಾರದು. ಅದು ಕಾಂಟ್ಯಾಕ್ಟರಿನ ಸುರುಳಿಗೆ ಸನ್ನೆ ಕೊಟ್ಟರೆ ಸಾಕು, ಭಾರ ಹೊರುವುದು ಕಾಂಟ್ಯಾಕ್ಟರ್. ಸನ್ನೆಯ ತಂತಿಯನ್ನೂ ಭಾರದ ತಂತಿಯನ್ನೂ ಬೇರೆ ಬೇರೆ ಪೈಪಿನಲ್ಲಿ ಎಳೆಯಬೇಕು.

ಒಂದೇ ಕೋಣೆಯಲ್ಲಿ ಹೀಟರೂ ಕೂಲರೂ ಒಟ್ಟಿಗೆ ಓಡಿದರೆ ವಿದ್ಯುತ್ ಬಿಲ್ಲು ಏರುತ್ತದೆ, ಹವೆ ಮಾತ್ರ ಸರಿಹೋಗುವುದಿಲ್ಲ. ಇದನ್ನು ತಡೆಯಲು ಹೀಟರಿನ ಕಾಂಟ್ಯಾಕ್ಟರ್ ಕೂಡಿದೊಡನೆ ಕೂಲರಿನ ಸನ್ನೆ ತುಂಡಾಗುವಂತೆ, ಕೂಲರ್ ಕೂಡಿದಾಗ ಹೀಟರಿನದು ತುಂಡಾಗುವಂತೆ ತಂತಿ ಜೋಡಿಸುತ್ತಾರೆ.

ನೀರಿನಿಂದ ತಂಪು ಮಾಡುವ ಕೂಲರಿನ ಗುಣವನ್ನೂ ತಿಳಿದಿರಬೇಕು. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಸುಮಾರು 2400 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಗೋಣಿತಾಟಿನ ಗುಟ್ಟೂ ಇದೇ. ಆದರೆ ಆ ಆವಿ ಕೋಣೆಯ ತೇವವನ್ನು ಏರಿಸುತ್ತದೆ. ಚಾಕಿ ಕೋಣೆಗೆ ಇದು ಲಾಭ, ಚಂದ್ರಿಕೆಯ ಕೋಣೆಗೆ ನಷ್ಟ. ಅಲ್ಲಿ ಗಾಳಿ ಹೊರದೂಡುವ ಫ್ಯಾನೇ ಸರಿ.

ಪ್ರಾಣದ ಮಾತು

ಮುಚ್ಚಿದ ಕೋಣೆಯ ಇದ್ದಿಲಿನಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಪಕ್ಕದಲ್ಲೇ ಮಲಗಿದವರು ಮತ್ತೆ ಏಳದಿರುವ ಅಪಾಯವಿದೆ. ವಿದ್ಯುತ್ ಹೀಟರಿಗೆ ಬದಲಿಸಲು ಇದೊಂದೇ ಕಾರಣ ಸಾಕು. ಆದರೆ ವಿದ್ಯುತ್ತಿಗೆ ಅದರದೇ ಅಪಾಯಗಳಿವೆ.

ಹುಳುಮನೆ ಸದಾ ತೇವದ ಜಾಗ. ಪ್ರತಿ ಬೆಳೆಯ ನಂತರ ನೆಲ, ಗೋಡೆ, ತಟ್ಟೆಗಳನ್ನು ತೊಳೆದು ಬ್ಲೀಚಿಂಗ್ ಪುಡಿಯಂಥ ಸೋಂಕುನಿವಾರಕ ಸಿಂಪಡಿಸುತ್ತಾರೆ. ಆ ಘಾಟು ತಾಮ್ರದ ಸಂಪರ್ಕಗಳನ್ನು ತಿಂದುಹಾಕುತ್ತದೆ. ಆದ್ದರಿಂದ ನಿಯಂತ್ರಣ ಪೆಟ್ಟಿಗೆ ಕೋಣೆಯ ಹೊರಗೇ ಇರಬೇಕು. ಪ್ರತಿ ವಲಯಕ್ಕೂ ಬೇರೆ ಎಂ.ಸಿ.ಬಿ., ಒಟ್ಟು ವ್ಯವಸ್ಥೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ., ಗಟ್ಟಿಯಾದ ಅರ್ಥಿಂಗ್ ಇವು ಇಲ್ಲದೆ ಸ್ವಿಚ್ ಹಾಕಬಾರದು.

ಕಾಂಟ್ಯಾಕ್ಟರಿನ ಮುಳ್ಳುಗಳು ಸುಟ್ಟು ಅಂಟಿಕೊಳ್ಳುವುದುಂಟು. ಆಗ ಥರ್ಮೋಸ್ಟಾಟ್ "ಸಾಕು" ಎಂದರೂ ಹೀಟರ್ ಆರುವುದಿಲ್ಲ. ಇದಕ್ಕಾಗಿ ತುಸು ಹೆಚ್ಚಿನ ಮಟ್ಟಕ್ಕೆ ಇಟ್ಟ ಎರಡನೇ ಥರ್ಮೋಸ್ಟಾಟ್ ಇರಬೇಕು, ಅದು ಬೇರೆಯೇ ಕಾಂಟ್ಯಾಕ್ಟರಿನ ಮೂಲಕ ದಾರಿ ಕಡಿಯಬೇಕು.

ಇನ್ನು ಕರೆಂಟ್ ಹೋದರೆ? 2000 ವಾಟಿನ ಹೀಟರನ್ನು 12 ವೋಲ್ಟಿನ ಬ್ಯಾಟರಿಯಿಂದ ನಡೆಸಲು 160 ಆಂಪಿಯರಿಗೂ ಹೆಚ್ಚು ಎಳೆಯಬೇಕಾಗುತ್ತದೆ. ಮನೆಯ ಸಾಮಾನ್ಯ ಇನ್ವರ್ಟರಿನಿಂದ ಆಗದ ಕೆಲಸ ಅದು. ಆಗುವುದೆಂದರೆ ಎಚ್ಚರಿಸುವುದು. ಕರೆಂಟ್ ಇರುವವರೆಗೆ ಒಂದು ರಿಲೇ ಗಂಟೆಯ ದಾರಿಯನ್ನು ತೆರೆದಿಟ್ಟಿರುತ್ತದೆ. ಕರೆಂಟ್ ಹೋದೊಡನೆ ರಿಲೇ ಬಿದ್ದು ದಾರಿ ಕೂಡುತ್ತದೆ, ಬ್ಯಾಟರಿಯ ಗಂಟೆ ಬಾರಿಸುತ್ತದೆ. ಜಾನ್ಸನ್ ಮೇಷ್ಟರ ಗಂಟೆಗೆ ಇದು ದೂರದ ನೆಂಟ. ಒಂದು ರಿಲೇ, ಒಂದು ಬ್ಯಾಟರಿ, ಒಂದು ಗಂಟೆ ಇದ್ದರೆ ಕಡಿಮೆ ವೋಲ್ಟಿನಲ್ಲಿ ಮೇಷ್ಟರ ಕಣ್ಣೆದುರಿನಲ್ಲೇ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಮನೆಯ ಮುಖ್ಯ ವೈರಿಂಗ್ ಮಾತ್ರ ಪರವಾನಗಿ ಪಡೆದವರ ಕೈಯಲ್ಲೇ ಆಗಬೇಕು.

ಯಂತ್ರಕ್ಕೆ ತಿಳಿಯದ ಜ್ವರ

ಎಲ್ಲವನ್ನೂ ಜೋಡಿಸಿದ ಮೇಲೆ ನೇರವಾಗಿ ಹುಳು ಬಿಡಬಾರದು. ಖಾಲಿ ಮನೆಯಲ್ಲಿ ಒಂದು ಹಗಲು, ಒಂದು ರಾತ್ರಿ ವ್ಯವಸ್ಥೆಯನ್ನು ಓಡಿಸಿ, ಗಂಟೆಗೊಮ್ಮೆ ಪ್ರತಿ ಕೋಣೆಯ ಬಿಸಿ, ತೇವಗಳನ್ನು ಪುಸ್ತಕದಲ್ಲಿ ಬರೆಯಬೇಕು. ಯಾವ ಗೋಡೆಯಿಂದ ಚಳಿ ನುಗ್ಗುತ್ತದೆ, ಯಾವ ಮೂಲೆ ಬೇಗ ಕಾಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಅನಂತರವೂ ಮನುಷ್ಯನ ಕಣ್ಣು ಬೇಕು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ ಹಾಸನ್ನು ಒಣಗಲು ಬಿಡಬೇಕು. ಆಗ ತೇವ ಹೆಚ್ಚಿಸುವ ಯಂತ್ರ ಸುಮ್ಮನಿರಬೇಕು. ಹುಳು ತಲೆ ಎತ್ತಿ ಅಲ್ಲಾಡದೆ ಕೂತಿದೆ ಎಂಬುದನ್ನು ಥರ್ಮೋಸ್ಟಾಟ್ ಕಾಣಲಾರದು. ಅಜ್ಜಿ ಒಂದೇ ನೋಟಕ್ಕೆ ಹೇಳಬಲ್ಲಳು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮುಂದಿನ ದಾರಿ ಕುರಿತು ಯೋಚಿಸುವ ಪೋಷಕರು ಇದನ್ನು ಗಮನಿಸಬೇಕು. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್ ಹಾಗೂ ಶೈತ್ಯೀಕರಣ-ಹವಾನಿಯಂತ್ರಣ ವೃತ್ತಿಗಳ ತರಬೇತಿ ಎರಡು ವರ್ಷದ್ದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ. ತಂತಿ ಬಲ್ಲವರು ಸಿಗುತ್ತಾರೆ, ಹುಳು ಬಲ್ಲವರೂ ಸಿಗುತ್ತಾರೆ. ಎರಡನ್ನೂ ಬಲ್ಲವರು ಕಡಿಮೆ. ಹುಳುಮನೆಯಲ್ಲಿ ಬೆಳೆದ ಮಕ್ಕಳಿಗೆ ಅರ್ಧ ವಿದ್ಯೆ ಮನೆಯಲ್ಲೇ ಬಂದಿರುತ್ತದೆ. ಇನ್ನರ್ಧವನ್ನು ಕಲಿತು ಬಂದರೆ, ಮುಂದಿನ ಮಾಗಿಯಲ್ಲಿ ನಡುರಾತ್ರಿ ಕೆಂಡ ನೋಡಲು ಏಳುವ ಪಾಳಿ ತಮ್ಮ ತಂಗಿಯರಿಗೆ ತಪ್ಪೀತು.