ಶತ್ರುವಿನ ನಾಡಿನಿಂದ ನಿಸ್ತಂತು

ಪಿರಿಯಾಪಟ್ಟಣದ ಕೋಟೆಯ ಕಥೆಯನ್ನು ಬಲ್ಲವರಿಗೆ, 1791ರಲ್ಲಿ ಕೊಡಗಿನ ಘಟ್ಟವನ್ನೇರಿ ಬಂದ ಬೊಂಬಾಯಿಯ ಸೈನ್ಯದ ಸ್ಮರಣೆಯೂ ಅದನ್ನು ಇದಿರಿಸಬೇಕಾಗಿ ಬಂದ ಟಿಪ್ಪುಸುಲ್ತಾನನ ಸ್ಮರಣೆಯೂ ಬಾರದಿರವು; ಆದರೆ ಆ ಸುಲ್ತಾನನ ವಂಶಸಂಬಂಧವನ್ನು ಹೇಳಿಕೊಳ್ಳುವ ಮನೆತನದ ತರುಣಿಯೊಬ್ಬಳು, ಒಂದೂವರೆ ಶತಮಾನದ ತರುವಾಯ, ಜರ್ಮನರು ಆಕ್ರಮಿಸಿದ್ದ ಪ್ಯಾರಿಸ್ ನಗರದಿಂದ ಲಂಡನ್ನಿಗೆ ಗುಪ್ತವಾಗಿ ನಿಸ್ತಂತು ಸಂದೇಶಗಳನ್ನು ಕಳುಹಿಸುತ್ತಿದ್ದಳೆಂಬುದನ್ನು ಬಲ್ಲವರು ನಮ್ಮ ಸೀಮೆಯಲ್ಲಿ ವಿರಳ. ಆಕೆಯ ಹೆಸರು ನೂರ್ ಇನಾಯತ್ ಖಾನ್. ತಂದೆಯ ಮಾತಾಮಹನಾದ ಮೌಲಾಬಕ್ಷನು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಗಾಯಕ.

ಆಕೆ ಕೈಗೊಂಡ ವಿದ್ಯೆಯಾದರೂ ಎಂತಹುದು! ಪ್ರಯಾಣಿಕರ ಸಾಮಾನ್ಯ ಪೆಟ್ಟಿಗೆಯಂತೆ ತೋರುವ ಯಂತ್ರ, ಮಾಡಿನಲ್ಲೋ ಮರದಲ್ಲೋ ಮರೆಯಾಗಿ ಹರಡಬೇಕಾದ ಉದ್ದನೆಯ ತಂತಿ, ಗೂಢಲಿಪಿಗೆ ತಿರುಗಿಸಿದ ವಾಕ್ಯಗಳು, ನಿಯತವಾದ ವೇಳೆ. ಇವುಗಳೊಡನೆ, ಅಲೆಗಳ ಮೂಲವನ್ನು ಅರಸುತ್ತ ಬೀದಿ ಬೀದಿ ತಿರುಗುವ ಶತ್ರುವಿನ ವಾಹನಗಳು ಬಾಗಿಲಿಗೆ ಬರುವ ಮುನ್ನವೇ ಕೆಲಸ ಮುಗಿಸಿ ಎದ್ದುಹೋಗುವ ಧೈರ್ಯ. ವೈಣಿಕನ ಬೆರಳ ಬಗೆಯನ್ನು ರಸಿಕರು ಗುರುತಿಸುವಂತೆ, ಮೋರ್ಸ್ ಸಂಕೇತವನ್ನು ಬಡಿಯುವ ಕೈಯನ್ನೂ ಬಲ್ಲವರು ಗುರುತಿಸುತ್ತಿದ್ದರು. ಸೆರೆಸಿಕ್ಕವನು ಬಲಾತ್ಕಾರಕ್ಕೊಳಗಾಗಿ ಕಳುಹಿಸುತ್ತಿರುವನೆಂಬುದು ತಿಳಿಯಲೆಂದು, ಪ್ರತಿಯೊಬ್ಬನಿಗೂ ಉದ್ದೇಶಪೂರ್ವಕವಾದ ಒಂದು ತಪ್ಪನ್ನು ರಹಸ್ಯವಾಗಿ ಗೊತ್ತುಮಾಡಿಕೊಟ್ಟಿದ್ದರು; ಆ ತಪ್ಪು ಇಲ್ಲದ ಸಂದೇಶವೇ ಅಪಾಯದ ಸೂಚನೆ.

ಈ ಸೂಚನೆ ನಿಷ್ಫಲವಾದ ಅತ್ಯಂತ ದಾರುಣವಾದ ಪ್ರಸಂಗ ನಡೆದುದು ನೆದರ್ಲೆಂಡ್ಸಿನಲ್ಲಿ. 1942ರ ಮಾರ್ಚ್ 6ರಂದು ದ ಹೇಗ್ ನಗರದಲ್ಲಿ ಹೂಬ್ ಲೌವರ್ಸ್ ಎಂಬ ಡಚ್ ನಿಸ್ತಂತುಗಾರನು ಸೆರೆಸಿಕ್ಕನು. ಪ್ರತಿ ಹದಿನಾರನೆಯ ಅಕ್ಷರದಲ್ಲಿ ತಪ್ಪು ಮಾಡಬೇಕೆಂಬ ತನ್ನ ನಿಜವಾದ ಗುರುತನ್ನು ಶತ್ರುವಿಗೆ ಬಿಟ್ಟುಕೊಡದೆ ಬೇರೊಂದನ್ನು ಹೇಳಿ ನಂಬಿಸಿ, ಗುರುತಿಲ್ಲದ ಸಂದೇಶಗಳನ್ನೇ ಕಳುಹಿಸಿದನು. ‘ಸಿಕ್ಕಿಬಿದ್ದೆ’ ಎಂಬರ್ಥದ ಇಂಗ್ಲಿಷ್ ಪದವನ್ನು ಒಡೆದು ಅರ್ಥಹೀನ ಅಕ್ಷರಗಳ ನಡುವೆ ಹುದುಗಿಸಿದನು. ಅವನನ್ನು ಕಳುಹಿಸಿದ್ದ ಲಂಡನ್ನಿನ ಅಧಿಕಾರಿಗಳು ಇದಾವುದನ್ನೂ ಗಣಿಸಲಿಲ್ಲ. ಅವರು ವಿಮಾನದಿಂದ ಇಳಿಸಿದ ಐವತ್ತಕ್ಕೂ ಹೆಚ್ಚು ಮಂದಿ ಶತ್ರುವಿನ ಕೈಸೇರಿದರು. ಅವರಲ್ಲಿ ಬಹುಪಾಲು ಮಂದಿ ಹತರಾದರು. ಕೆಳಗೆ ದುಡಿದವನ ನಿಷ್ಠೆಗಿಂತ ಮೇಲೆ ಕುಳಿತವನ ಅಲಕ್ಷ್ಯವೇ ಬಲವಾದ ಈ ಪ್ರಸಂಗವನ್ನು ಕ್ಷಮಿಸುವುದು ನನಗೆ ಸಾಧ್ಯವಾಗಿಲ್ಲ.

ಹಾಗೆ ಸಿಕ್ಕವರಲ್ಲಿ ನಾವಿಕ ಪೀಟರ್ ಡೋರ್ಲೈನ್ ಒಬ್ಬನು. 1943ರ ಆಗಸ್ಟ್ ಕೊನೆಯಲ್ಲಿ ಹಾರೆನ್ ಸೆರೆಮನೆಯಿಂದ ಬೆನ್ ಉಬ್ಬಿಂಕನೊಡನೆ ತಪ್ಪಿಸಿಕೊಂಡು, ಸ್ವಿಟ್ಜರ್ಲೆಂಡ್ ಮತ್ತು ಸ್ಪೇನುಗಳ ಮಾರ್ಗವಾಗಿ ಲಂಡನ್ನಿಗೆ ಸತ್ಯವನ್ನು ಹೊತ್ತುತಂದ ಅವನಿಗೆ ದೊರೆತುದು ಮೊದಲು ಸಂಶಯ, ಬಳಿಕ ಬಂಧನ. ಆದರೂ ಅವನು ತನ್ನ ದೇಶದ ನೌಕಾಪಡೆಯ ವಿಮಾನದಳದಲ್ಲಿ ಸೇವೆ ಸಲ್ಲಿಸಿದನು.

ಇತ್ತ ನೂರ್ 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಇಳಿದಳು. ಕೆಲವೇ ದಿನಗಳಲ್ಲಿ ಸಂಗಡಿಗರು ಸೆರೆಯಾಗತೊಡಗಿದರೂ, ಹಿಂದಿರುಗೆಂಬ ಸಲಹೆಯನ್ನು ಒಲ್ಲದೆ, ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು ಅಕ್ಟೋಬರಿನವರೆಗೆ ದುಡಿದಳು. ಆಗ ಸೆರೆಸಿಕ್ಕು, ತಪ್ಪಿಸಿಕೊಳ್ಳಲು ಯತ್ನಿಸಿ, ಸಂಕೋಲೆಗಳಲ್ಲಿ ತಿಂಗಳುಗಟ್ಟಲೆ ನರಳಿ, 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಪ್ರಾಣವಿತ್ತಳು. 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಪದಕವನ್ನು ಆಕೆಗೆ ಮರಣೋತ್ತರವಾಗಿ ಅರ್ಪಿಸಿತು. ಶತ್ರುವಿನ ಕೈಸೇರಿದ ಸಂದೇಶಗಳ ಪ್ರತಿಗಳನ್ನು ಆಕೆ ಇಟ್ಟುಕೊಂಡಿದ್ದುದೇ ದೋಷವೆಂದು ಹೇಳುವವರುಂಟು, ನಾನೊಪ್ಪೆ. ಸೆರೆಯ ಬಳಿಕ ಆಕೆಯ ಯಂತ್ರದಲ್ಲಿ ಶತ್ರುವಿನ ಕೈ ಆಡುತ್ತಿದ್ದಾಗಲೂ ಲಂಡನ್ ಅದನ್ನು ನಂಬಿ, ಮತ್ತಷ್ಟು ಮಂದಿಯನ್ನು ಫ್ರಾನ್ಸಿನ ಹೊಲಗಳಿಗೆ ಇಳಿಸುತ್ತಲೇ ಇದ್ದಿತು.